ಪಾಮನಕಲ್ಲೂರಿಗೆ ತಿರುಗಿ ಬಂದ ಬುತ್ತಿ

ನಮ್ಮ ಡಿಪೊದಲ್ಲಿ ಯಾರೇ ನಿವೃತ್ತರಾಗಲಿ, ಬೀಳ್ಕೊಡುಗೆಯ ದಿನ ಒಂದು ಮಾತು ತಪ್ಪದೆ ಬರುತ್ತದೆ. ಶಾಲು ಹೊದಿಸಿ ಹಾರ ಹಾಕಿದ ಮೇಲೆ ಯಾರಾದರೂ ಹಿರಿಯರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾರೆ: "ಕಾಲುವೆ ತೋಡುವ ಕಾಲದಲ್ಲಿ ನಮ್ಮ ಬಸ್ಸುಗಳು ದಿನಾ ರೊಟ್ಟಿ ಬುತ್ತಿ ಹೊತ್ತವು. ಒಂದೇ ಒಂದು ಬುತ್ತಿಯೂ ಬೇರೆಯವರ ಕೈಗೆ ಹೋಗಲಿಲ್ಲ." ಚಪ್ಪಾಳೆ. ನನ್ನ ಬೀಳ್ಕೊಡುಗೆಯಲ್ಲೂ ಇದೇ ಮಾತು ಬಂತು. ನಾನೂ ಚಪ್ಪಾಳೆ ತಟ್ಟಿದೆ. ಶಾಲು ಹೊದ್ದು ಕುಳಿತವನು ಎದ್ದು ನಿಂತು ವಾದಕ್ಕಿಳಿದರೆ ಚೆಂದ ಕಾಣುವುದಿಲ್ಲ.

ಈಗ ಶಾಲು ಪೆಟ್ಟಿಗೆ ಸೇರಿದೆ. ಇನ್ನು ವಾದ ಮಾಡಬಹುದು.

ಆ ಮಾತು ಸುಳ್ಳು. ಎರಡು ಸಲ ತಪ್ಪಾದದ್ದು ನನಗೇ ಗೊತ್ತು. ಒಂದು, ನಕ್ಕು ಮರೆಯುವಂಥದು. ಇನ್ನೊಂದರಲ್ಲಿ ಒಂದೇ ಬುತ್ತಿ ಆರು ತಿಂಗಳ ಕಾಲ, ದಿನಾ, ಬೇರೆಯವರ ಕೈಗೆ ಹೋಯಿತು. ಅದನ್ನು ಸರಿಪಡಿಸುತ್ತೇನೆಂದು ಹಟ ಹಿಡಿದವನು ನಾನು. ನಾನು ಸರಿಪಡಿಸಿದ್ದರಿಂದ ಹಂಪಮ್ಮ ಎಂಬ ಹೆಣ್ಣುಮಗಳು ಗಂಡನ ಮನೆ ಬಿಡಬೇಕಾಯಿತು. ಹೊಸದಾಗಿ ಚೀಲ ಹೆಗಲಿಗೇರಿಸುವ ಹುಡುಗರಿಗೆ ಹೇಳುವಂಥ ವಿಷಯ ನನ್ನ ನೌಕರಿಯಲ್ಲಿ ಇದೊಂದೇ. ಬಡ್ತಿ, ವರ್ಗ, ಇನಾಮು ಎಲ್ಲರಿಗೂ ಬರುತ್ತವೆ, ಎಲ್ಲರಿಂದಲೂ ಹೋಗುತ್ತವೆ.

ಅರವತ್ತರ ದಶಕದ ಶುರುವಿನಲ್ಲಿ ನಾನು ಕಂಡಕ್ಟರಾಗಿ ಸೇರಿದೆ. ಕಾಲೇಜನ್ನು ಅರ್ಧಕ್ಕೆ ಬಿಟ್ಟಿದ್ದೆ. ಓದಿನಲ್ಲಿ ಅಷ್ಟಕ್ಕಷ್ಟೇ, ಆದರೆ ಚರ್ಚಾ ಸ್ಪರ್ಧೆ ಎಂದರೆ ಮೂರು ವರ್ಷವೂ ಢಾಲು ನನ್ನದೇ. ಪರ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ, ಎರಡರಲ್ಲೂ ಗೆಲ್ಲುತ್ತಿದ್ದೆ. ಎರಡೂ ಕಡೆ ಗೆಲ್ಲುವವನಿಗೆ ತನ್ನದು ಯಾವ ಕಡೆ ಎಂದು ಗೊತ್ತಿರುವುದಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನನ್ನನ್ನು ಹಾಕಿದ ಬಸ್ಸು ಬೆಳಿಗ್ಗೆ ಲಿಂಗಸುಗೂರು ಬಿಟ್ಟು ಪಾಮನಕಲ್ಲೂರು, ಮಸ್ಕಿ, ಬಳಗಾನೂರು ಸುತ್ತಿಕೊಂಡು ಮಧ್ಯಾಹ್ನದ ಹೊತ್ತಿಗೆ ಸಿಂಧನೂರು ಮುಟ್ಟುತ್ತಿತ್ತು. ಮತ್ತೆ ಅದೇ ದಾರಿಯಲ್ಲಿ ಸಂಜೆಗೆ ವಾಪಸು. ಸಿಂಧನೂರಿನ ಆಚೆಗಿನ ನೆಲಕ್ಕೆ ಆಗಲೇ ನೀರು ಬಂದಿತ್ತು. ಬಳಗಾನೂರು ಕಡೆ ಉಪಕಾಲುವೆ ತೋಡುವ ಕೆಲಸ ನಡೆದಿತ್ತು. ನಮ್ಮ ಡ್ರೈವರ್ ಬಸಣ್ಣ, ಮಸ್ಕಿಯವನು. ನನಗಿಂತ ಹದಿನೈದಿಪ್ಪತ್ತು ವರ್ಷ ದೊಡ್ಡವನು. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳು ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ನಿಜಾಮನ ಕಾಲದಲ್ಲೇ ಸ್ಟೇರಿಂಗ್ ಹಿಡಿದವನು. ಮಾತು ಕಡಿಮೆ. ಹಾರ್ನಿನ ರಬ್ಬರು ಉಂಡೆಯನ್ನು ಹಿಚುಕಿದರೆ ಬರುವಷ್ಟು ಮಾತು, ಅಷ್ಟೇ.

ಮೊದಲ ದಿನವೇ ಪಾಮನಕಲ್ಲೂರಿನ ಬೇವಿನ ಗಿಡದ ಕೆಳಗೆ ನಮ್ಮಿಬ್ಬರಿಗೂ ಜಗಳ ಹತ್ತಿತು. ಬಸ್ಸು ನಿಂತದ್ದೇ ತಡ, ಹದಿನೈದಿಪ್ಪತ್ತು ಹೆಣ್ಣುಮಕ್ಕಳು ಅರಿವೆಯಲ್ಲಿ ಕಟ್ಟಿದ ಬುತ್ತಿಗಳನ್ನು ಎತ್ತಿ ಹಿಡಿದು ಡ್ರೈವರನ ಕಿಟಕಿಗೆ ಮುತ್ತಿದರು. ಕಾಲುವೆ ಕೆಲಸಕ್ಕೆ ಹೋಗಿ ಅಲ್ಲೇ ಗುಡಿಸಲು ಹಾಕಿಕೊಂಡಿದ್ದ ಗಂಡಸರಿಗೆ ಊರಿಂದ ಹೋಗುವ ರೊಟ್ಟಿ. ಬಸಣ್ಣ ಒಂದೊಂದನ್ನೇ ತೆಗೆದುಕೊಂಡು ತನ್ನ ಪಕ್ಕದ ಇಂಜಿನ್ ಮುಚ್ಚಳದ ಮೇಲೆ ಒಪ್ಪವಾಗಿ ಜೋಡಿಸಿದ. ಇಂಜಿನ್ನಿನ ಕಾವಿಗೆ ರೊಟ್ಟಿ ಬೆಚ್ಚಗಿರುತ್ತಿತ್ತು. ಪುಂಡಿ ಪಲ್ಯ, ಗುರೆಳ್ಳು ಹಿಂಡಿ, ಬಳ್ಳೊಳ್ಳಿ, ಡೀಸೆಲ್, ನಾಲ್ಕೂ ಕೂಡಿದ ಒಂದು ವಾಸನೆ. ಈಗಿನ ಯಾವ ಬಸ್ಸಿನಲ್ಲೂ ಅದು ಸಿಗುವುದಿಲ್ಲ. ಹಾಗೆಂದು ಆ ಬಸ್ಸು ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಮುಂದೆ ಹ್ಯಾಂಡಲ್ ಹಾಕಿ ತಿರುವದೆ ಅದು ಚಾಲೂ ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಎರೆಮಣ್ಣಿಗೆ ಸಿಕ್ಕರೆ ಪ್ರಯಾಣಿಕರೇ ಇಳಿದು ದೂಡಬೇಕು. ಮಸ್ಕಿ ಹಳ್ಳ ತುಂಬಿದರೆ ಈ ದಂಡೆಯಲ್ಲೇ ಕುಳಿತು ನೀರು ಇಳಿಯುವುದನ್ನು ಕಾಯಬೇಕು. ಇದೆಲ್ಲ ಗೊತ್ತಿದ್ದೂ ಆ ವಾಸನೆ ಬೇಕೆನಿಸುತ್ತದೆ. ಇದಕ್ಕೆ ನನ್ನ ಬಳಿ ತರ್ಕವಿಲ್ಲ.

ನಾನು ನಿಯಮ ಪುಸ್ತಕ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. "ಇವಕ್ಕೆಲ್ಲ ಲಗೇಜು ಟಿಕೀಟು ಹರೀಬೇಕು" ಎಂದೆ.

ಒಬ್ಬಾಕೆ, "ಯವ್ವಾ, ರೊಟ್ಟಿಗೆ ಟಿಕೀಟಂತ! ಹಂಗಾರ ಅದಕ್ಕ ಸೀಟ್ ಕೊಡಪ್ಪಾ, ಕಿಟಕಿ ಬಾಜು ಕುಂದರ್ಸು!" ಎಂದಳು. ಗಿಡದ ಕೆಳಗೆ ನಗೆ ಎದ್ದಿತು. ಬಸಣ್ಣ ನನ್ನ ಕಡೆ ತಿರುಗಿ, "ವಕೀಲ್‌ಸಾಬ್, ಸೀಟಿ ಹೊಡೀರಿ. ಹೊತ್ತಾಗತೈತಿ" ಎಂದ. ಅಂದಿನಿಂದ ನಾನು ವಕೀಲನಾದೆ.

ಬಿಡುವ ಜಾತಿ ನನ್ನದಲ್ಲ. ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಹೋಗಿ ಅರ್ಧ ತಾಸು ವಾದಿಸಿದೆ. ಅವರು ಪಾನ್ ಜಗಿಯುತ್ತ ಎಲ್ಲ ಕೇಳಿ ತೀರ್ಪು ಕೊಟ್ಟರು: "ಬಹಸ್ ಬಂದ್ ಮಾಡ್ರೀ. ಮುಕಾಮು ಮುಟ್ಟೂದ್ರಾಗ ಹೊಟ್ಟ್ಯಾಗ ಹೋಗೋ ಸಾಮಾನು ಲಗೇಜೂ ಅಲ್ಲ, ಪ್ಯಾಸೆಂಜರೂ ಅಲ್ಲ." ನಲವತ್ತು ವರ್ಷದಲ್ಲಿ ನಾನು ಕಂಡ ಮೇಲಧಿಕಾರಿಗಳಲ್ಲಿ ನನ್ನನ್ನು ಒಂದೇ ವಾಕ್ಯದಲ್ಲಿ ಸೋಲಿಸಿದವರು ಅವರೊಬ್ಬರೇ.

ಬುತ್ತಿಯ ಮೇಲೆ ಹೆಸರಿರುತ್ತಿರಲಿಲ್ಲ. ಯಾರ ಬುತ್ತಿ ಯಾರಿಗೆ ಎಂಬುದನ್ನು ಗಂಟೇ ಹೇಳಬೇಕು. ಒಬ್ಬಾಕೆ ಮೊಲದ ಕಿವಿಯಂತೆ ಎರಡು ತುದಿ ಎತ್ತಿ ಕಟ್ಟುವಳು, ಒಬ್ಬಾಕೆ ಗಂಟಿಗೆ ಬೇವಿನ ಕಡ್ಡಿ ಸಿಗಿಸುವಳು, ಒಬ್ಬಾಕೆ ಗಂಟಿನ ಮೇಲೆ ಗಂಟು. ಬಸಣ್ಣನಿಗೆ ಎಲ್ಲ ಕೈಗಳೂ ಗೊತ್ತು. ಕಾಲುವೆಯ ಬಳಿ ಬಸ್ಸು ನಿಲ್ಲಿಸಿ ಬುತ್ತಿ ಎತ್ತಿ ಹಿಡಿದು ಹೆಸರು ಕೂಗುತ್ತಿದ್ದ, ತಪ್ಪುತ್ತಿರಲಿಲ್ಲ. ಸಂಜೆ ಮರಳುವಾಗ ಬರಿದಾದ ಅರಿವೆಗಳನ್ನು ತೆಗೆದುಕೊಂಡು ಹೋಗಿ ಗಿಡದ ಕೆಳಗೆ ಕಾಯುತ್ತಿದ್ದ ಹೆಂಗಸರಿಗೆ ಕಿಟಕಿಯಿಂದಲೇ ಕೊಡುತ್ತಿದ್ದ. ಅರಿವೆಯ ಮೂಲೆಯಲ್ಲಿ ಒಂದು ಗಂಟಿದ್ದರೆ ಈ ವಾರ ಊರಿಗೆ ಬರುತ್ತಾನೆ ಎಂದು ಅರ್ಥ.

ಇನ್ನೊಂದು ರೂಢಿ ಇತ್ತು. ತುಂಬಿದ ಬುತ್ತಿ ಎಂದೂ ತಿರುಗಿ ಊರಿಗೆ ಬರಬಾರದು. ನಾನು ಸೇರುವ ಮುಂಚೆ ಒಮ್ಮೆ ಮಣ್ಣು ಕುಸಿದು ಒಬ್ಬ ಸತ್ತನಂತೆ. ಅವನ ಮನೆಗೆ ಸುದ್ದಿ ಮುಟ್ಟಿಸಿದ್ದು ಬಿಚ್ಚದ ಬುತ್ತಿಯೇ. ಅಂದಿನಿಂದ ಬಿಚ್ಚದೆ ಬಂದ ಬುತ್ತಿ ಎಂದರೆ ಸಾವು. ಬುತ್ತಿಯ ಒಡೆಯ ಎಲ್ಲಿಗಾದರೂ ಹೋಗಿದ್ದರೆ ರೊಟ್ಟಿಯನ್ನು ಬೇರೆ ಯಾರಿಗಾದರೂ ಕೊಟ್ಟು, ಇಲ್ಲವೆ ದನಕ್ಕೆ ಹಾಕಿ, ಬರೀ ಅರಿವೆ ತರಬೇಕು. ಬಸಣ್ಣ ಇದನ್ನು ಹೇಳಿದಾಗ ನಾನು ನಕ್ಕಿದ್ದೆ. "ರೊಟ್ಟಿ ರೊಟ್ಟಿ ಬಸಣ್ಣ, ಹೆಣ ಅಲ್ಲ" ಎಂದಿದ್ದೆ. ಅವನು ಉತ್ತರಿಸಲಿಲ್ಲ. ಅವನು ಉತ್ತರಿಸದಿದ್ದಾಗಲೆಲ್ಲ ನಾನು ಗೆದ್ದೆನೆಂದು ತಿಳಿಯುತ್ತಿದ್ದೆ.

ಹಂಪಮ್ಮನ ಗಂಟು ಎಲ್ಲಕ್ಕಿಂತ ಸಾದಾ. ಒಂದೇ ಗಂಟು, ಬಿಗಿಯಾಗಿ, ತುದಿಗಳನ್ನು ಒಳಗೆ ಮಡಚಿದ್ದು. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಮಕ್ಕಳಿರಲಿಲ್ಲ. ಅತ್ತೆಯ ಜೊತೆ ಬಂದು ಗಿಡದ ಆಚೆ ಬದಿ ನಿಲ್ಲುವಳು, ಎಲ್ಲರದೂ ಮುಗಿದ ಮೇಲೆ ಬಂದು ಬುತ್ತಿ ಕೊಡುವಳು. ಅವಳ ಅರಿವೆಗೆ ಒಂದು ವಿಶೇಷವಿತ್ತು. ಉಳಿದವರ ಅರಿವೆಗಳು ಪಲ್ಯದ ಕಲೆಯೊಂದಿಗೆ ಮುದ್ದೆಯಾಗಿ ಬರುತ್ತಿದ್ದವು. ಅವಳದು ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ಬರುತ್ತಿತ್ತು. ಅದೊಂದನ್ನು ಮಾತ್ರ ಬಸಣ್ಣ ಹೆಸರು ಕೂಗಿ ಕೊಡುತ್ತಿರಲಿಲ್ಲ. ಬಳಗಾನೂರಿನ ಕಾಲುವೆಯ ಹತ್ತಿರ ಇಂಜಿನ್ ಆರಲೆಂದು ಬಸ್ಸು ಕಾಲು ತಾಸು ನಿಲ್ಲುತ್ತಿತ್ತು. ರೇಡಿಯೇಟರಿಗೆ ನೀರು ತರುವುದು ಕಂಡಕ್ಟರನ ಕೆಲಸ. ನಮ್ಮ ಬಸ್ಸಿನಲ್ಲಿ ಬಸಣ್ಣ ತಾನೇ ಡಬ್ಬಿ ಹಿಡಿದು, ಆ ಬುತ್ತಿಯನ್ನೂ ತೆಗೆದುಕೊಂಡು ಮಣ್ಣಿನ ಒಡ್ಡು ಹತ್ತಿ ಆಚೆ ಇಳಿಯುತ್ತಿದ್ದ. ಬರುವಾಗ ಕೈಯಲ್ಲಿ ನೀರಿನ ಡಬ್ಬಿ ಮಾತ್ರ. ಹಂಪಮ್ಮನ ಗಂಡ ಊರವರ ಜೊತೆಯಲ್ಲಲ್ಲದೆ ಒಡ್ಡಿನ ಆಚೆ ಬೇರೆ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಾನೆ, ಊರಿಗೆ ಬರುವುದು ಅಪರೂಪ ಎಂದು ನಾನು ತಿಳಿದಿದ್ದೆ. ಮಧ್ಯಾಹ್ನ ಸಿಂಧನೂರಿನ ಖಾನಾವಳಿಯಲ್ಲಿ ನಾನು ಊಟ ಮಾಡುವಾಗ ಬಸಣ್ಣ ಎದುರಿಗೆ ಕುಳಿತು ಬರೀ ಚಹಾ ಕುಡಿಯುತ್ತಿದ್ದ. "ಹಸಿವಿಲ್ಲ" ಎನ್ನುತ್ತಿದ್ದ. ಮೂರು ವರ್ಷ ಢಾಲು ಗೆದ್ದ ಬುದ್ಧಿ ಇದಿಷ್ಟನ್ನೂ ದಿನಾ ನೋಡುತ್ತಿತ್ತು.

ಮೊದಲ ತಪ್ಪು ಬಸಣ್ಣನಿಗೆ ಜ್ವರ ಬಂದಾಗ ಆಯಿತು. ಎರಡು ದಿನ ಬದಲಿ ಡ್ರೈವರ್ ಬಂದ. ಗಂಟು ಗುರುತಿಸುವ ಭಾರ ನನ್ನ ಮೇಲೆ ಬಿತ್ತು. ಮೊಲದ ಕಿವಿಯ ಗಂಟು ಯಾರದು, ಕಡ್ಡಿ ಸಿಗಿಸಿದ್ದು ಯಾರದು, ಎಲ್ಲ ಕಲಸಿಹೋಯಿತು. ಲಿಂಗ ಕಟ್ಟಿದ ವೀರಭದ್ರಪ್ಪನಿಗೆ ಹನುಮಂತನ ಬುತ್ತಿ ಕೊಟ್ಟೆ. ಅವನು ಇಷ್ಟಲಿಂಗಕ್ಕೆ ಕೈಮುಗಿದು ಬಿಚ್ಚಿದರೆ ರೊಟ್ಟಿಯ ನಡುವೆ ತತ್ತಿ ಪಲ್ಯ.

"ಏ ಕಂಡಕ್ಟರಾ! ನಿನ್ನ ವಂಶ ಹಾಳಾಗಲಿ! ನಾ ಇನ್ನ ಯಾವ ಹೊಳ್ಯಾಗ ಮುಣಗಲೋ?"

ಅತ್ತ ಹನುಮಂತ ಪುಂಡಿ ಪಲ್ಯವನ್ನು ಹಿಡಿದು ಬಂದು, "ವಕೀಲ್‌ಸಾಬ್ರ, ಹದಿನೈದು ದಿನಕ್ಕೊಮ್ಮೆ ನಮ್ಮಾಕಿ ತತ್ತಿ ಕಳಸ್ತಾಳ. ಇವತ್ತ ನೋಡಿ ಹಿಂಗ ಮಾಡ್ತೀರಲ್ಲ. ನನ್ನ ತತ್ತಿ ಎಲ್ಲೈತ್ರೀ?" ಎಂದು ಅಳುಮೋರೆ ಮಾಡಿದ. ತತ್ತಿಯನ್ನು ವೀರಭದ್ರಪ್ಪ ಆಗಲೇ ಕಾಲುವೆಗೆ ಎಸೆದಾಗಿತ್ತು.

ಆ ಎರಡು ದಿನ ಹಂಪಮ್ಮ ಬುತ್ತಿ ತರಲಿಲ್ಲ. ಬದಲಿ ಡ್ರೈವರನ ಮುಖ ನೋಡಿ, "ಹಿಟ್ಟು ತೀರೈತಿ" ಎಂದು ತಿರುಗಿ ಹೋದಳು. ಇದನ್ನೂ ನಾನು ನೋಡಿದೆ.

ತಪ್ಪಾದರೆ ಪದ್ಧತಿ ಬದಲಿಸಬೇಕು ಎಂಬುದು ನನ್ನ ಸಿದ್ಧಾಂತ. ಚೀಟಿ ಪದ್ಧತಿ ತಂದೆ. ಬುತ್ತಿಗೊಂದು ಚೀಟಿ, ಅದರ ಮೇಲೆ ಇಂಕ್ ಪೆನ್ಸಿಲಿನಲ್ಲಿ ಹೆಸರು. ತಲುಪದ ಬುತ್ತಿ ಕಳಿಸಿದವರಿಗೆ ವಾಪಸು, ಅಂಚೆಯಂತೆ. ಬಸಣ್ಣ "ಬ್ಯಾಡಪಾ" ಎಂದ. ನಾನು ಐದು ಕಾರಣ ಕೊಟ್ಟೆ. ಅವನ ಹತ್ತಿರ ಒಂದೂ ಇರಲಿಲ್ಲ.

ಗಂಡನ ಹೆಸರು ಹೇಳಬಾರದೆಂಬ ರೂಢಿ ಆ ಹೆಣ್ಣುಮಕ್ಕಳಿಗಿದೆ ಎಂಬುದನ್ನು ಮಾತ್ರ ನಾನು ಮರೆತಿದ್ದೆ. ಪೆನ್ಸಿಲ್ ನಾಲಿಗೆಗೆ ತಾಗಿಸಿ, "ಹೆಸರು ಹೇಳವ್ವಾ" ಎಂದರೆ, ಆಕೆ ಸೆರಗು ಬಾಯಿಗೆ ಹಿಡಿದು, "ಲಂಕಾ ಸುಟ್ಟಾನಲ್ಲರೀ, ಆ ದೇವರ ಹೆಸರು" ಎನ್ನುವಳು. ಇನ್ನೊಬ್ಬಾಕೆ ಮೂಕಿಯಂತೆ ಹಣೆಯ ವಿಭೂತಿ ತೋರಿಸುವಳು. ಮತ್ತೊಬ್ಬಾಕೆ, "ನನ್ನ ನಾದಿನಿ ಅಣ್ಣ ಅಂತ ಬರ್ಕೊ" ಎಂದಳು. ಗಿಡದ ಕೆಳಗೆ ದಿನಾ ಒಗಟಿನ ಸ್ಪರ್ಧೆ. ನನ್ನ ನಾಲಿಗೆ ನೀಲಿ.

ಹಂಪಮ್ಮ ಚೀಟಿಗೆ ಒಪ್ಪಲಿಲ್ಲ. "ನನ್ನ ಗಂಟು ಬಸಣ್ಣಗ ಗೊತ್ತೈತಿ. ನಿನ್ನ ಚೀಟಿ ನಿನ್ನ ಬಲ್ಲೇ ಇರಲಿ" ಎಂದಳು.

"ಎಲ್ಲಾರಿಗೂ ಒಂದ ನಿಯಮ ತಂಗಿ" ಎಂದೆ.

ಅವಳ ಅತ್ತೆ ಮುಂದೆ ಬಂದಳು. ತಾಯಿಗೆ ಮಗನ ಹೆಸರು ಹೇಳಲು ಯಾವ ಅಡ್ಡಿ? "ಬರ್ಕೋ ಯಪ್ಪಾ. ದುರುಗಪ್ಪ ಅಂತ ನನ್ನ ಮಗ. ಸೊಸಿ ಸೊಕ್ಕಿನಾಕಿ, ನೀ ಬರ್ಕೋ." ಬರೆದೆ. ಒಳಗೆ ಮಡಚಿದ ತುದಿಯನ್ನು ಎಳೆದು ಚೀಟಿ ಕಟ್ಟಿದೆ. ಹಂಪಮ್ಮ ನನ್ನನ್ನು ನೋಡಲಿಲ್ಲ, ಬಸಣ್ಣನನ್ನು ನೋಡಿದಳು. ಬಸಣ್ಣ ಗೇರ್ ಹಾಕಿದ.

ಬಳಗಾನೂರಿನ ಕಾಲುವೆಯ ಬಳಿ ಅವನು ಬುತ್ತಿಗೆ ಕೈ ಹಾಕುವ ಮೊದಲೇ ನಾನು ಎತ್ತಿಕೊಂಡೆ. "ಇವತ್ತಿಂದ ಚೀಟಿ ನೋಡಿ ನಾನ ಕೊಡ್ತೀನಿ." ಒಡ್ಡಿನ ಮೇಲೆ ನಿಂತು "ದುರುಗಪ್ಪಾ!" ಎಂದು ಕೂಗಿದೆ. ಯಾರೂ ಬರಲಿಲ್ಲ. ಆಂಧ್ರದಿಂದ ಬಂದಿದ್ದ ಮೇಸ್ತ್ರಿಯೊಬ್ಬ ಹಣೆಗೆ ಕೈ ಅಡ್ಡ ಹಿಡಿದು ನೋಡಿದ.

"ಪಾಮನಕಲ್ಲೂರು ದುರುಗಪ್ಪನಾ? ಎಪ್ಪುಡೋ ವೆಳ್ಳಿಪೋಯಾಡಯ್ಯಾ! ಹೋಗಿ ಆರು ತಿಂಗಳು ಆಯ್ತು. ನಮ್ ಗ್ಯಾಂಗ್‌ದಾಗ ಒಬ್ಬಾಕಿ ಇದ್ಲು, ಅಕಿ ಜತಿ ಮಾನ್ವಿ ಕಡಿ."

ಬಸ್ಸಿಗೆ ಬಂದು ಬಸಣ್ಣನನ್ನು ಕೇಳಿದೆ. "ದುರುಗಪ್ಪ ಆರು ತಿಂಗಳಿಂದ ಇಲ್ಲಿಲ್ಲ. ನೀ ದಿನಾ ಬುತ್ತಿ ಯಾರಿಗೆ ಕೊಡಾಕತ್ತಿ?"

"ಬುತ್ತಿ ಇಲ್ಲಿ ಕೊಡು."

"ಮೊದಲ ಉತ್ತರ ಕೊಡು."

ಅವನು ಬರೀ ನೀರಿನ ಡಬ್ಬಿ ಹಿಡಿದು ಒಡ್ಡು ಹತ್ತಿದ. ಆ ದಿನ ಸಿಂಧನೂರಿನಲ್ಲಿ ಅವನು ಚಹಾವನ್ನೂ ಕುಡಿಯಲಿಲ್ಲ. ಸಿಟ್ಟಿಗೆ ಎಂದುಕೊಂಡೆ. ಸಂಜೆ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ದಾರಿಯುದ್ದಕ್ಕೂ ವಾದಿಸಿದ್ದು ನಾನೊಬ್ಬನೇ. ಆ ಹೆಂಗಸನ್ನು ಮೋಸದಲ್ಲಿಡುವ ಹಕ್ಕು ನಿನಗೆ ಯಾರು ಕೊಟ್ಟರು? ಬಡವರ ಮನೆಯ ಜೋಳ ದಿನಾ ಯಾರ ಹೊಟ್ಟೆಗೆ ಹೋಗುತ್ತಿದೆ? ನಿಜ ಗೊತ್ತಾದರೆ ಅವಳಿಗೆ ಒಂದು ದಾರಿಯಾದರೂ ಕಾಣುತ್ತದಲ್ಲ? ಇವತ್ತಿಗೂ ಇವು ಒಳ್ಳೆಯ ಪ್ರಶ್ನೆಗಳೇ. ಯಾವುದೇ ಸ್ಪರ್ಧೆಯಲ್ಲಿ ಅಂಕ ಸಿಗುತ್ತದೆ.

ಪಾಮನಕಲ್ಲೂರು ಇನ್ನೇನು ಬಂತು ಎನ್ನುವಾಗ, ಗಿಡ ಕಾಣುವ ತಿರುವಿನಲ್ಲಿ, ಬಸಣ್ಣ ಬಸ್ಸು ನಿಲ್ಲಿಸಿದ. ಪ್ರಯಾಣಿಕರು ಏನಾಯಿತೆಂದು ಕತ್ತು ಚಾಚಿದರು.

"ವಕೀಲಾ, ಕೈಮುಗಿತೀನಿ. ಆ ರೊಟ್ಟಿ ಇಲ್ಲೇ ದನಕ್ಕ ಹಾಕು. ಅರಿವಿ ಕೊಡು ನನ್ನ ಕೈಯಾಗ. ನಿಜ ಹೇಳೂದಿದ್ರ ಬ್ಯಾರೆ ಹೊತ್ತಿನ್ಯಾಗ ಹೇಳೂಣಂತ."

"ತುಂಬಿದ ಬುತ್ತಿ ಅಂದ್ರ ಸಾವು ಅನ್ನೂದು ಮೂಢನಂಬಿಕಿ ಬಸಣ್ಣ."

"ಆತಪಾ. ನೀ ಗೆದ್ದಿ" ಎಂದ. ಬಸ್ಸು ಬಿಟ್ಟ.

ಗಿಡದ ಕೆಳಗೆ ನಾನು ಇಳಿದೆ. ಕೈಯಲ್ಲಿ ಬುತ್ತಿ. ಚೀಟಿಯ ಮೇಲೆ "ಸಿಗಲಿಲ್ಲ" ಎಂದು ಚೊಕ್ಕವಾಗಿ ಬರೆದಿದ್ದೆ. ಹಂಪಮ್ಮನ ಅತ್ತೆ ಅದನ್ನು ನೋಡಿದಳು. ಅದರ ತೂಕ ನೋಡಿದಳು. ಒಂದು ಕೂಗು ಹಾಕಿದಳು. ಮೇಯುತ್ತಿದ್ದ ದನಗಳು ತಲೆ ಎತ್ತಿದವು.

"ನನ್ನ ಮಗನ್ನ ಮಣ್ಣು ನುಂಗಿತಲ್ಲೋ ಯಪ್ಪಾ!"

ನಾನು ಬಾಯಿ ತೆರೆಯುವಷ್ಟರಲ್ಲಿ ಗಿಡದ ಕೆಳಗಿನ ಹೆಂಗಸರೆಲ್ಲ ಎದೆ ಬಡಿದುಕೊಳ್ಳುತ್ತಿದ್ದರು. ನಾಲ್ವರು ಹಂಪಮ್ಮನನ್ನು ಹಿಡಿದು ಕೂರಿಸಿದರು. ಒಬ್ಬ ಮುದುಕಿ ಕಲ್ಲು ತಂದಳು. ಏನಾಗುತ್ತಿದೆ ಎಂದು ನನಗೆ ತಿಳಿದದ್ದು ಮೊದಲ ಬಳೆ ಒಡೆದ ಸದ್ದಿಗೆ. ಹಂಪಮ್ಮನ ಮುಂಗೈಯಲ್ಲಿ ರಕ್ತ. ನಾನು ಗುಂಪಿಗೆ ನುಗ್ಗಿ ಕಿರುಚಿದೆ:

"ಸತ್ತಿಲ್ಲ! ಅಂವ ಸತ್ತಿಲ್ಲ! ಇನ್ನೊಬ್ಬಾಕಿನ ಕರ್ಕೊಂಡು ಮಾನ್ವಿ ಕಡೆ ಹೋಗ್ಯಾನ! ಆರು ತಿಂಗಳಾತು ಹೋಗಿ!"

ಅಳು ನಿಂತಿತು. ಬಸ್ಸಿನ ಕಿಟಕಿಗಳ ತುಂಬ ಮುಖಗಳು. ಹಂಪಮ್ಮ ಮುದುಕಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. "ಬಿಡಬೇ ಯಮ್ಮಾ. ಬಳಿ ನನ್ನವು" ಎಂದಳು. ಅಷ್ಟೇ.

ಆದರೆ ಅತ್ತೆ ಲೆಕ್ಕದಲ್ಲಿ ನನಗಿಂತ ಚುರುಕು. ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಆರು ತಿಂಗಳು? ಹಂಗಾರ ಆರು ತಿಂಗಳು ನನ್ನ ಮನಿ ಜ್ವಾಳ ಯಾರಿಗೆ ಉಣಿಸೀಯೇ ನೀ? ಒಗದ ಅರಿವಿ ಬರತಿತ್ತಲ್ಲ, ಯಾರು ಒಗೀತಿದ್ರು? ಹೇಳು, ಯಾವಾಂವ ಅಂವ?"

ಎಲ್ಲರೂ ನನ್ನನ್ನು ನೋಡಿದರು. ನಾನು ಬಸಣ್ಣನ ಕಡೆ ನೋಡಿದೆ. ಆಗ ಬಸಣ್ಣ ಕ್ಯಾಬಿನ್ನಿನಿಂದ ಇಳಿದು ಬಂದ. ಅವನು ಆ ಗಿಡದ ಕೆಳಗೆ ಇಳಿದದ್ದನ್ನು ನಾನು ಅದೊಂದೇ ಸಲ ಕಂಡದ್ದು.

"ಯಾವಾಂವೂ ಅಲ್ಲ. ದನಾ ತಿಂದಾವ. ನಿನ್ನ ಮಗ ಇಲ್ಲಂತ ಗೊತ್ತಿತ್ತು ನನಗ. ತುಂಬಿದ ಬುತ್ತಿ ತರಬಾರದಂತ ದನಕ್ಕ ಹಾಕೀನಿ. ಅರಿವಿಗೆ ದನದ ಜೊಲ್ಲು ಹತ್ತತೈತಿ ಅಂತ ಅಲ್ಲೇ ಯಾರೋ ಹೆಣ್ಣಮಗಳ ಕೈಲಿ ಒಗಸೀನಿ. ತಪ್ಪು ನಂದು. ಸೊಸೀಗೆ ಏನೂ ಗೊತ್ತಿಲ್ಲ."

ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದೇ. ಅತ್ತೆ ನಂಬಿದಳೋ ಇಲ್ಲವೋ ಗೊತ್ತಿಲ್ಲ. ಊರು ಅರ್ಧ ನಂಬಿತು. ಇಂಥ ವಿಷಯದಲ್ಲಿ ಅರ್ಧ ನಂಬುವುದೆಂದರೆ ನಂಬದೆ ಇರುವುದೇ. ಮಗನಿಗೆ ಬುತ್ತಿ ಹೋಗುತ್ತಿದೆ ಎನ್ನುವವರೆಗೆ ಹಂಪಮ್ಮ ಆ ಮನೆಯ ಸೊಸೆ. ಈಗ ಬುತ್ತಿಯೂ ಇಲ್ಲ, ಸೊಸೆತನವೂ ಇಲ್ಲ. ನಾಲ್ಕೈದು ದಿನಕ್ಕೆ ಒಂದು ಗಂಟು ಬಟ್ಟೆ ಹಿಡಿದು ಅವಳು ನಮ್ಮ ಸಂಜೆಯ ಬಸ್ಸು ಹತ್ತಿದಳು. ಲಿಂಗಸುಗೂರಿನಲ್ಲಿ ಅಣ್ಣನ ಮನೆ.

ನಡುವಿನ ದಿನಗಳಲ್ಲಿ ನಾನು ಒಂದು ಕೆಲಸ ಮಾಡಿದ್ದೆ. ಬಳಗಾನೂರಿನಲ್ಲಿ ಬಸ್ಸು ನಿಂತಾಗ ನೀರಿನ ಡಬ್ಬಿ ಹಿಡಿದು ನಾನೇ ಒಡ್ಡಿನ ಆಚೆ ಇಳಿದೆ. ಬಸಣ್ಣ ತಡೆಯಲಿಲ್ಲ. ಅಲ್ಲಿ ಒಂದು ಒರತೆ ಗುಂಡಿ. ಪಕ್ಕದಲ್ಲಿ ಕೂರಲು ಬರುವಂಥ ಚಪ್ಪಟೆ ಕಲ್ಲು. ಕಲ್ಲಿನ ಸಂದಿಯಲ್ಲಿ ಒಂದು ತಗಡಿನ ಡಬ್ಬಿ, ಅದರಲ್ಲಿ ಸವೆದ ಬಟ್ಟೆ ಸಾಬೂನಿನ ತುಂಡು. ಒತ್ತಿಗೇ ಇದ್ದ ಜಾಲಿ ಗಿಡದ ಮುಳ್ಳುಗಳಲ್ಲಿ ಅರಿವೆಯ ಎಳೆಗಳು. ಸುತ್ತ ಎಲ್ಲೂ ದನದ ಹೆಜ್ಜೆ ಇರಲಿಲ್ಲ. ಒಬ್ಬ ಮನುಷ್ಯ ದಿನಾ ಒಬ್ಬನೇ ಕುಳಿತು ಉಣ್ಣುವ ಜಾಗ ಅದು. ಆ ದಿನ ಸಿಂಧನೂರಿನಲ್ಲಿ ಬಸಣ್ಣ ನನ್ನ ಎದುರಿಗೆ ಕುಳಿತು ಊಟ ತರಿಸಿಕೊಂಡ. ಖಾನಾವಳಿಯ ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟು, ಉಳಿದದ್ದನ್ನು ಸರಿಸಿದ. ಆಗ ನನಗೆ ಎಲ್ಲ ಒಟ್ಟಿಗೆ ಹೊಳೆಯಿತು. ಬೇಡವಾದ ಹೊತ್ತಿನಲ್ಲಿ.

ಹಂಪಮ್ಮ ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಒಂದು ಕೈಯಲ್ಲಿ ಐದು ಬಳೆ, ಇನ್ನೊಂದರಲ್ಲಿ ನಾಲ್ಕು. ಟಿಕೀಟು ಹರಿದು ಕೊಟ್ಟ ಮೇಲೂ ನಾನು ಅಲ್ಲೇ ನಿಂತೆ.

"ತಂಗಿ, ನಾನು ಹಿಂಗಾಗಬೇಕಂತ ಮಾಡಲಿಲ್ಲ. ನಿನಗ ನಿಜ ಗೊತ್ತಾಗಲಿ ಅಂತ..."

"ನನಗ ಗೊತ್ತಿರಲಿಲ್ಲಂತ ನಿನಗ ಯಾರು ಹೇಳಿದ್ರೋ ಯಣ್ಣಾ?"

ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. "ಏಳು ವರ್ಷ ಬಾಳೇವು ಮಾಡೀನಿ. ನನ್ನ ಗಂಡ ಒಂದು ತಂಬಿಗಿ ತೊಳದಾಂವಲ್ಲ. ಅರಿವಿ ಒಗದು ಮಡಚಿ ಬಂತು ನೋಡು, ಅವತ್ತ ಗೊತ್ತಾತು ಅಂವ ಇಲ್ಲಂತ. ಅರಿವಿ ತುಂಬ ಜಾಲಿ ಮುಳ್ಳಿನ ತೂತು. ದಿನಾ ರಾತ್ರಿ ದೀಪಾ ಹಚ್ಚಿ ನೋಡ್ತಿದ್ದೆ, ಇವತ್ತ ಎಷ್ಟು ಹೊಸಾವು ಅಂತ."

"ಮತ್ತ ಯಾಕ ಕಳಸಿದಿ?"

"ಯಾರೋ ಉಣ್ಣಾಕತ್ತಿದ್ರಲ್ಲ. ನನ್ನ ಕೈ ರೊಟ್ಟಿಗೆ ಯಾರೂ ಇಷ್ಟು ಮರ್ಯಾದಿ ಕೊಟ್ಟಿರಲಿಲ್ಲ." ಆಮೇಲೆ ತುಸು ಧ್ವನಿ ಎತ್ತಿದಳು. ಮುಂದಿನವರಿಗೆ ಕೇಳಲಿ ಎಂಬಷ್ಟೇ. "ಅಲ್ಲೋ ಕಂಡಕ್ಟರಣ್ಣಾ, ನೀ ಓದಿದಾಂವ. ನೀನ ಹೇಳು. ದನಾ ಎಲ್ಲಾರ ಅರಿವಿ ನಾಕು ಮಡಿಕಿ ಮಾಡತಾವೇನು?"

ಬಸಣ್ಣನ ಕತ್ತು ಅಲುಗಲಿಲ್ಲ. ಕನ್ನಡಿಯಲ್ಲಿ ಅವನ ಕಣ್ಣು ಸಡಕಿನ ಮೇಲೇ ಇತ್ತು.

ಲಿಂಗಸುಗೂರಿನಲ್ಲಿ ಎಲ್ಲರೂ ಇಳಿದ ಮೇಲೆ ಅವಳು ಎದ್ದಳು. ಗಂಟಿನಿಂದ ಬುತ್ತಿಯ ಅರಿವೆ ತೆಗೆದು ಇಂಜಿನ್ ಮುಚ್ಚಳದ ಮೇಲೆ, ದಿನಾ ಬುತ್ತಿ ಕೂರುತ್ತಿದ್ದ ಜಾಗದಲ್ಲಿ ಇಟ್ಟಳು. ಒಂದಷ್ಟು ಹೊತ್ತು ನಿಂತಳು. ಇಳಿದು ಹೋದಳು. ಇಂಜಿನ್ ಬಂದ್ ಆಗಿತ್ತು, ಬಸ್ಸು ಖಾಲಿ. ಬಸಣ್ಣ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಹೋಗುವ ದಾರಿ ಇನ್ನೂ ಇದೆ ಎಂಬಂತೆ ಮುಂದೆ ನೋಡುತ್ತ ಕುಳಿತಿದ್ದ.

ಒಂದೆರಡು ತಿಂಗಳಲ್ಲಿ ಅವನು ಕೇಳಿಕೊಂಡು ಬೇರೆ ದಾರಿಗೆ ಹೋದ. ಚೀಟಿ ಪದ್ಧತಿಯನ್ನು ನಾನು ಬಿಟ್ಟೆ, ಗಂಟುಗಳನ್ನು ಕಲಿತೆ. ಕಲಿತು ಮುಗಿಯುವ ಹೊತ್ತಿಗೆ ಕಾಲುವೆಯ ಕೆಲಸ ಮುಗಿದು ನೀರು ಬಂತು. ಬಳಗಾನೂರು ಕಡೆಯೆಲ್ಲ ಭತ್ತ ಹಸಿರಾಯಿತು, ದುಡಿಯಲು ಹೋದವರು ಅಲ್ಲೇ ಅನ್ನ ಬೇಯಿಸಿಕೊಂಡರು, ಬುತ್ತಿ ತಾನಾಗಿ ನಿಂತಿತು. ಒಡ್ಡಿನ ಆಚೆಯ ಒರತೆ ಗುಂಡಿ ಕಾಲುವೆಯ ನೀರಿನಲ್ಲಿ ಮುಳುಗಿತು. ಎಲ್ಲರೂ ಹೇಳುವಂತೆ ನೀರಿನಿಂದ ಒಳ್ಳೆಯದೇ ಆಯಿತು. ಅದಕ್ಕೆ ನನ್ನ ವಿರೋಧವಿಲ್ಲ. ಆದರೂ ಆ ದಾರಿಯಲ್ಲಿ ಹೋದಾಗಲೆಲ್ಲ ನಾನು ನೀರಿನ ಕೆಳಗಿನ ಒಂದು ಚಪ್ಪಟೆ ಕಲ್ಲನ್ನು ಹುಡುಕುತ್ತೇನೆ. ಹಂಪಮ್ಮ ಅಣ್ಣನ ಮನೆಯಲ್ಲಿ ಬಹಳ ದಿನ ಇರಲಿಲ್ಲವಂತೆ. ಎಲ್ಲಿಗೆ ಹೋದಳೆಂದು ನನಗೆ ಯಾರೂ ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಹುಡುಗರೇ, ನಿಯಮ ಪುಸ್ತಕ ಓದಿಕೊಳ್ಳಿ. ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಡ್ರೈವರ್ ಕಾರಣ ಹೇಳದೆ "ಬ್ಯಾಡಪಾ" ಎಂದ ದಿನ, ಐದು ಕಾರಣ ಕೊಡುವ ಮೊದಲು ಅವನು ಮಧ್ಯಾಹ್ನ ಉಂಡನೋ ಇಲ್ಲವೋ ನೋಡಿ.

ಕಳೆದ ತಿಂಗಳು ಮಸ್ಕಿಗೆ ಹೋಗಿದ್ದೆ. ಬಸಣ್ಣ ಮಗಳ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಕಣ್ಣು ಮಂಜಾಗಿವೆ, ಕಿವಿ ಚುರುಕಾಗಿವೆ. ನನ್ನ ಹೆಜ್ಜೆ ಸದ್ದಿಗೇ, "ವಕೀಲ ಬಂದಾನ ನೋಡು, ಚಾ ಇಡು" ಎಂದು ಒಳಗೆ ಕೂಗಿದ. ಹಳ್ಳದ ಹೊಸ ಸೇತುವೆಯ ಬಗ್ಗೆ ಮಾತಾಡಿದೆವು, ಯಾರು ಯಾರು ಹೋದರು ಎಂದು ಎಣಿಸಿದೆವು. ಕೇಳಬೇಕೆಂದು ಹೋದದ್ದನ್ನು ಕೇಳದೆ ಎದ್ದು ಬಂದೆ. ಬೀಳ್ಕೊಡುಗೆಯ ದಿನ ಬಿಟ್ಟರೆ ಜೀವನದಲ್ಲಿ ನಾನು ವಾದ ಮಾಡದೆ ಬಂದದ್ದು ಆವತ್ತೊಂದೇ ದಿನ.

ನಾನು ಬರೆದ ಇದನ್ನು ಅವನ ಮೊಮ್ಮಗಳು ಅವನಿಗೆ ಓದಿ ಹೇಳುತ್ತಾಳೆ. ಅದಕ್ಕೇ ಇಲ್ಲಿ ಕೇಳುತ್ತೇನೆ. ಬಸಣ್ಣ, ನಿನ್ನ ಕಿವಿ ಅವತ್ತೂ ಚುರುಕಿದ್ದವು. ದನಾ ಮಡಿಕಿ ಮಾಡತಾವೇನು ಅಂದ್ಲಲ್ಲ, ಅದನ್ನ ಅಕಿ ನನಗ ಕೇಳಲಿಲ್ಲ, ನಿನಗ ಕೇಳಿದ್ಲು. ಲಿಂಗಸುಗೂರಿನ್ಯಾಗ ಅರಿವಿ ಇಟ್ಟು ಅಷ್ಟು ಹೊತ್ತು ನಿಂತಿದ್ಲಲ್ಲ, ನೀ ಯಾಕ ಒಮ್ಮೆ ಹಿಂದ ತಿರುಗಿ ನೋಡಲಿಲ್ಲ?